ಮೈಕ್ ಟೀಚರ್ ಬಾಯಿ ಮುಚ್ಚಿದ ವರ್ಷ

ಆ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದವಳಿಗೆ ಮಕ್ಕಳು ಇಟ್ಟ ಹೆಸರು ಮೈಕ್ ಟೀಚರ್. ಇಟ್ಟವರದು ತಪ್ಪೇನೂ ಇರಲಿಲ್ಲ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಅವಳು ಕ್ರಿಯಾಪದದ ರೂಪಗಳನ್ನು ಹೇಳಿಸಲು ಶುರುಮಾಡಿದರೆ ಕೆಳಗೆ ಗೇಟಿನ ಬಳಿ ಸೈಕಲ್ ನಿಲ್ಲಿಸುತ್ತಿದ್ದವರಿಗೂ ಕೇಳಿಸುತ್ತಿತ್ತು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು, "ನನ್ನ ಹುಡುಗರಿಗೆ ಭಾಗಾಕಾರ ತಲೆಗೆ ಹತ್ತಲ್ಲ, ಫ್ರೆಂಚಿನಲ್ಲಿ ವಾರದ ಹೆಸರು ಕೇಳಿ, ನಿದ್ದೆಗಣ್ಣಲ್ಲೂ ಹೇಳ್ತಾರೆ" ಎಂದು ಸ್ಟಾಫ್ ರೂಮಿನಲ್ಲಿ ದೂರುತ್ತಿದ್ದರು. ಟೀಚರ್ ಅದನ್ನು ಹೊಗಳಿಕೆಯೆಂದೇ ತಿಳಿದು ಮನೆಗೆ ಬಂದು ಹೇಳಿಕೊಳ್ಳುತ್ತಿದ್ದಳು.

ಮನೆಯಲ್ಲಿದ್ದವರು ಗಂಡ ಮತ್ತು ಅತ್ತೆ. ಗಂಡನಿಗೆ ಬಸ್ ಸ್ಟ್ಯಾಂಡಿನ ಎದುರು ಕನ್ನಡಕದ ಅಂಗಡಿ. ಮಿತಭಾಷಿ. ಮನೆಗೆ ಬೇಕಾದಷ್ಟು ಮಾತನ್ನು ಹೆಂಡತಿಯೂ ತಾಯಿಯೂ ಹಂಚಿಕೊಂಡಿದ್ದರಿಂದ ಅವನ ಪಾಲಿಗೆ ಏನೂ ಉಳಿದಿರಲಿಲ್ಲ ಎನ್ನುವುದೂ ಸರಿಯೇ.

ಕಲಿಸುವುದೆಂದರೆ ಟೀಚರಿಗೆ ಹುಚ್ಚು. ವಿದೇಶಿ ಭಾಷೆಯ ಶಿಕ್ಷಕರಿಗೆ ಎಲ್ಲೇ ತರಬೇತಿ ಶಿಬಿರ ನಡೆಯಲಿ, ಮುಂದಿನ ಸಾಲಿನ ಮೊದಲ ಕುರ್ಚಿ ಅವಳದು. ಹೋದಲ್ಲೆಲ್ಲ ಚಾರ್ಟು, ಚಿತ್ರದ ಕಾರ್ಡು, ಹಾಡಿನ ಸಿ.ಡಿ. ಹೊತ್ತು ತರುತ್ತಿದ್ದಳು. ತರಗತಿಯ ಬೀರು ತೆರೆದರೆ ಮೇಲಿನಿಂದ ಏನಾದರೊಂದು ತಲೆಯ ಮೇಲೆ ಬೀಳುವುದು ಖಚಿತ. ಆದರೆ ನಿಜ ಹೇಳಬೇಕೆಂದರೆ ಅವುಗಳಲ್ಲಿ ಮುಕ್ಕಾಲು ಪಾಲು ಹೊರಗೆ ಬಂದದ್ದೇ ಇಲ್ಲ. ಅವಳ ಗಂಟಲು ಒಂದಿದ್ದರೆ ಸಾಕಿತ್ತು. ಅವಳು ಹೇಳುವುದು, ಮಕ್ಕಳು ಒಕ್ಕೊರಲಿನಿಂದ ಕೂಗುವುದು. ಪಾಠ ಮುಗಿಯುತ್ತಿತ್ತು.

ಆ ಗಂಟಲೇ ಕೈಕೊಟ್ಟಿತು. ಮೊದಲು ಸಂಜೆ ಹೊತ್ತಿಗೆ ಒಡೆಯುತ್ತಿದ್ದ ದನಿ ಬರಬರುತ್ತಾ ಬೆಳಿಗ್ಗೆಯೇ ಒಡೆಯತೊಡಗಿತು. ಬಿಸಿನೀರು, ಜೇನು, ಉಪ್ಪುನೀರಿನ ಮುಕ್ಕಳಿಕೆ ಎಲ್ಲ ಆದವು. ಕೊನೆಗೆ ಡಾಕ್ಟರು ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, "ಧ್ವನಿ ಹೊರಡಿಸೋ ತಂತುಗಳ ಮೇಲೆ ಗಂಟು ಕಟ್ಟಿದೆ. ಈ ವರ್ಷ ಮುಗಿಯೋವರೆಗೆ ಮಾತು ಪೂರ್ತಿ ಬಂದ್. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಕೇಳದೆ ಹೋದ್ರೆ ದನಿಯನ್ನೇ ಮರೆತುಬಿಡಿ" ಎಂದರು.

"ಅಯ್ಯೋ, ನಾನು ಭಾಷೆ ಟೀಚರ್ ಡಾಕ್ಟ್ರೇ!" ಎಂದಳು. ಆ ವರ್ಷ ಅವಳು ಆಡಿದ ಕೊನೆಯ ಮಾತು ಅದು.

ಮಾರನೆಯ ದಿನ ಹೆಡ್ ಮೇಡಂ ಕೋಣೆಗೆ ಕೈಯಲ್ಲೊಂದು ಸ್ಲೇಟು ಹಿಡಿದು ಹೋದಳು. ಹೆಡ್ ಮೇಡಂ ಒಳ್ಳೆಯವರೇ, ಆದರೆ ಸುತ್ತಿ ಬಳಸಿ ಮಾತಾಡಿದವರಲ್ಲ. "ರಜಾ ತಗೊಳ್ಳಿ. ಫ್ರೆಂಚಿಗೆ ಬೇರೆ ಯಾರೂ ಇಲ್ಲ, ಮಕ್ಕಳನ್ನ ಲೈಬ್ರರಿಗೆ ಕಳಿಸ್ತೀನಿ. ಈ ವರ್ಷ ಹೋದ್ರೆ ಹೋಗ್ಲಿ."

ಒಮ್ಮೆ ನಿಂತ ವಿಷಯ ಮತ್ತೆ ವೇಳಾಪಟ್ಟಿಗೆ ಬರುವುದು ಎಷ್ಟು ಕಷ್ಟ ಎಂದು ಟೀಚರಿಗೆ ಗೊತ್ತಿತ್ತು. ಸಂಗೀತದ ಪಾಠ ಹಾಗೆಯೇ ಹೋಗಿತ್ತು. ಸ್ಲೇಟಿನ ಮೇಲೆ ಬರೆದಳು: ನಾನು ಬರ್ತೀನಿ.

"ಬಂದು ಏನು ಮಾಡ್ತೀರಿ? ಮಾತಾಡದೆ ಭಾಷೆ ಕಲಿಸ್ತೀರಾ?"

ಅಳಿಸಿ ಇನ್ನೂ ದಪ್ಪ ಅಕ್ಷರದಲ್ಲಿ ಬರೆದಳು: ನೋಡೋಣ.

ಮೊದಲ ದಿನ ನೋಡುವಂಥದ್ದೇನೂ ಇರಲಿಲ್ಲ. ಬೋರ್ಡಿನ ಮೇಲೆ ಬರೆಯಲು ಬೆನ್ನು ತಿರುಗಿಸಿದಳೋ ಇಲ್ಲವೋ, ಹಿಂದೆ ಸಂತೆ ಶುರು. ತಿರುಗಿ ಕೈತಟ್ಟಿದರೆ ಮಕ್ಕಳೂ ಕೈತಟ್ಟಿದರು. ಅವಳು ಕಣ್ಣು ಕೆಂಪಗೆ ಮಾಡಿದಳು. ಹಿಂದೆ ಒಂದು ಗದರಿಕೆಗೆ ಗಪ್‌ಚಿಪ್ಪಾಗುತ್ತಿದ್ದವರು ಈಗ ಗದರಿಕೆಗಾಗಿ ಕಾಯುತ್ತಲೇ ಕೂತರು, ಅದು ಬರಲಿಲ್ಲ. ಟೀಚರ್ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಅತ್ತಳು. ಅಳುವಾಗಲೂ ಸದ್ದು ಮಾಡುವಂತಿಲ್ಲ! ಅದನ್ನು ನೆನೆದು ಇನ್ನಷ್ಟು ಅಳು ಬಂತು. ಗಣಿತದ ಮೇಷ್ಟ್ರು ಒಂದು ಕಪ್ ಚಹಾ ತಂದಿಟ್ಟು ಹೋದರು.

ಮನೆಯಲ್ಲಿ ಅತ್ತೆಗೆ ಮಾತ್ರ ಸುಗ್ಗಿ. "ನೀನು ಈ ಮನೆಗೆ ಕಾಲಿಟ್ಟಾಗಿಂದ ಇವತ್ತೇ ನಾನು ಶುರು ಮಾಡಿದ ಮಾತನ್ನ ನಾನೇ ಮುಗಿಸಿದ್ದು ಕಣಮ್ಮ" ಎಂದು ನಕ್ಕರು. ಆದರೆ ಸೊಸೆಯ ಸನ್ನೆಗಳನ್ನು ಬಿಡಿಸುವ ಕೆಲಸವನ್ನೂ ಅವರೇ ಮೈಮೇಲೆ ಹಾಕಿಕೊಂಡರು. ಸ್ಲೇಟು ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಓದಿದ್ರೆ ಮಜಾ ಎಲ್ಲಿ? ನಾನು ಊಹಿಸ್ತೀನಿ."

ಒಂದು ರಾತ್ರಿ ಊಟ ಮಾಡುವಾಗ ಟೀಚರ್ ಏನೋ ಹೇಳಲು ಹೊರಟಳು. ಕೈಯನ್ನು ಮುಂದಕ್ಕೆ ಎಸೆದಳು, ಕಿಟಕಿ ತೋರಿಸಿದಳು, ನಿದ್ದೆ ಮಾಡುವಂತೆ ಕೆನ್ನೆಗೆ ಕೈಯಿಟ್ಟು ತಟ್ಟನೆ ಎದ್ದಳು.

"ನಾಳೆ... ಸಂಜೆ... ಬೇಗ... ಎಬ್ಬಿಸಿ?" ಎಂದರು ಅತ್ತೆ. "ಸಂಜೆ ಯಾರಾದ್ರೂ ಮಲಗ್ತಾರೇನೇ?"

ಟೀಚರ್ ನಕ್ಕು ಎಡಗೈ ಎತ್ತಿ ಹಿಡಿದಳು. ಅತ್ತೆ ಹೇಳಿದ ಒಂದೊಂದು ಮಾತಿಗೂ ಒಂದೊಂದು ಬೆರಳು ಮುಟ್ಟಿದಳು: ಮೊದಲನೆಯದು ಸರಿ, ಮೂರನೆಯದು ಸರಿ, ನಾಲ್ಕನೆಯದೂ ಸರಿ. ಎರಡನೆಯ ಬೆರಳನ್ನು ಹಿಡಿದು ಅಲ್ಲಾಡಿಸಿದಳು.

"ಓ, ಸಂಜೆ ಅಲ್ವಾ? ಬೆಳಿಗ್ಗೆ! ನಾಳೆ ಬೆಳಿಗ್ಗೆ ಬೇಗ ಎಬ್ಬಿಸಿ!" ಅತ್ತೆ ಬಹುಮಾನ ಗೆದ್ದವರಂತೆ ತಟ್ಟೆ ಬಡಿದರು.

ಟೀಚರ್ ಕೈ ಎತ್ತಿ ಹಿಡಿದಂತೆಯೇ ಕೂತುಬಿಟ್ಟಳು. ತಪ್ಪು ಎಲ್ಲಿದೆ ಎಂದು ಮಾತ್ರ ತೋರಿಸಿದ್ದಳು. ಸರಿ ಯಾವುದು ಎಂದು ಹೇಳಿರಲಿಲ್ಲ. ಅದನ್ನು ಅತ್ತೆಯೇ ಹುಡುಕಿಕೊಂಡಿದ್ದರು, ಹುಡುಕಿದ ಖುಷಿಯೂ ಅವರದೇ ಆಗಿತ್ತು. ಅನ್ನ ಆರಿತು. "ತಿನ್ನೇ ಮಾರಾಯ್ತಿ" ಎಂದ ಗಂಡ. ಅವಳು ತಿನ್ನಲಿಲ್ಲ, ಅವನ ಬೂಟು ಎಲ್ಲಿದೆ ಎಂದು ಸನ್ನೆ ಮಾಡಿದಳು.

ಆ ಬೂಟು ಮರುದಿನ ತರಗತಿಯ ಮೇಜಿನ ಮೇಲೆ ಕೂತಿತ್ತು. ಮಕ್ಕಳು ಒಳಗೆ ಬಂದವರು ಬಾಯಿ ಬಿಟ್ಟುಕೊಂಡು ನಿಂತರು. ಟೀಚರ್ ಬೂಟನ್ನು ತೋರಿಸಿ ಸುಮ್ಮನೆ ಕಾದಳು. ಒಬ್ಬ, "ಬೂಟು ಮೇಜಿನ ಮೇಲಿದೆ" ಎಂದು ಫ್ರೆಂಚಿನಲ್ಲಿ ತಡವರಿಸಿದ. ಅವಳು ಸರಿ ಎಂದು ತಲೆಯಾಡಿಸಿ, ಬೂಟನ್ನು ಮೇಜಿನ ಕೆಳಗೆ ತಳ್ಳಿದಳು. ಮತ್ತೆ ಕಾದಳು.

ಫ್ರೆಂಚಿನಲ್ಲಿ 'ಮೇಲೆ' ಅನ್ನುವುದಕ್ಕೆ 'ಸ್ಯುರ್', 'ಕೆಳಗೆ' ಅನ್ನುವುದಕ್ಕೆ 'ಸೂ'. ಕಲಿಯುವವರ ಬಾಯಲ್ಲಿ ಎರಡೂ ಕಲಸಿ ಒಂದೇ ಆಗುತ್ತವೆ. ಇಡೀ ತರಗತಿ 'ಸ್ಯುರ್' ಎಂದು ಕೂಗಿ, ಬೂಟನ್ನು ಮಾತಿನಲ್ಲೇ ಮತ್ತೆ ಮೇಜಿನ ಮೇಲೆ ಹತ್ತಿಸಿತು. ಟೀಚರ್ ಬೆರಳುಗಳನ್ನು ಎತ್ತಿ, ಹೆಬ್ಬೆರಳಿನಿಂದ ಎಣಿಸಿ, ಆ ಫ್ರೆಂಚ್ ವಾಕ್ಯದಲ್ಲಿ ನಾಲ್ಕನೆಯದಾಗಿ ಬರುವ 'ಸ್ಯುರ್' ಪದಕ್ಕೆ ಉಂಗುರ ಬೆರಳನ್ನು ಹಿಡಿದು ಅಲ್ಲಾಡಿಸಿದಳು. ಗುಸುಗುಸು ಎದ್ದಿತು. ಒಬ್ಬನಿಗೆ 'ಬೂಟು' ಅನ್ನುವ ಪದವೇ ತಪ್ಪು ಅನಿಸಿತು, ಇನ್ನೊಬ್ಬಳು "ಅಲ್ವೋ, ನಾಲ್ಕನೇದು ಕಣೋ, ಎಣಿಸು" ಎಂದಳು. ಜಗಳ ಜೋರಾಯಿತು. ಆಗ ಕೊನೆಯ ಬೆಂಚಿನಿಂದ ಒಂದು ಸಣ್ಣ ದನಿ, ಸ್ಪಷ್ಟವಾಗಿ, "ಸೂ" ಎಂದಿತು.

ಎಲ್ಲರೂ ತಿರುಗಿ ನೋಡಿದರು. ಟೈರ್ ಅಂಗಡಿಯವನ ಮಗಳು. ಶಾಲೆಗೆ ಸೇರಿದಾಗಿನಿಂದ ಆ ಹುಡುಗಿ ಫ್ರೆಂಚಿನಲ್ಲಿ ಒಂಟಿಯಾಗಿ ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಟೀಚರ್ ಓಡಿಹೋಗಿ ಅವಳ ಕೈಗೆ ಬೂಟು ಕೊಟ್ಟಳು. ಹುಡುಗಿ ಅದನ್ನು ಬೆಂಚಿನ ಕೆಳಗಿಟ್ಟು, ಕಿಟಕಿಯ ಮೇಲಿಟ್ಟು, ಕೊನೆಗೆ ಗೆಳತಿಯ ತಲೆಯ ಮೇಲಿಟ್ಟು, ಪ್ರತಿ ಸಲವೂ ಪೂರ್ತಿ ವಾಕ್ಯ ಹೇಳಿದಳು. ತರಗತಿ ಬಿದ್ದು ಬಿದ್ದು ನಕ್ಕಿತು.

ಇಷ್ಟು ವರ್ಷ ಈ ದನಿ ಎಲ್ಲಿತ್ತು? ಟೀಚರಿಗೆ ಉತ್ತರ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತನ್ನ ಗಲಾಟೆಯ ಅಡಿಯಲ್ಲೇ ಇತ್ತು. ಸ್ವಲ್ಪ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಕೈ ತುರಿಸಿತು. ಇನ್ನೂ ಏನೇನು ಮಾಡಬಹುದು ಎಂದು.

ಅಲ್ಲಿಂದ ಅವಳನ್ನು ಹಿಡಿಯುವವರೇ ಇಲ್ಲ. ಗಂಡನ ಅಂಗಡಿಯಲ್ಲಿ ಗಿರಾಕಿಗಳು ಕನ್ನಡಕ ಹಾಕಿ ಮುಖ ನೋಡಿಕೊಳ್ಳುವ ಪುಟ್ಟ ಕನ್ನಡಿಗಳಿದ್ದವು. ಹಳೆಯವನ್ನೆಲ್ಲ ಬಾಚಿಕೊಂಡು ಬಂದು ಬೆಂಚಿಗೊಂದರಂತೆ ಹಂಚಿದಳು. 'ಸ್ಯುರ್' ಅನ್ನುವಾಗ ತುಟಿ ಹೇಗೆ, 'ಸೂ' ಅನ್ನುವಾಗ ಹೇಗೆ ಎಂದು ತಾನು ಸದ್ದಿಲ್ಲದೆ ತುಟಿ ಮಾಡಿ ತೋರಿಸುವುದು, ಮಕ್ಕಳು ಕನ್ನಡಿಯಲ್ಲಿ ನೋಡಿಕೊಂಡು ದನಿ ಹೊರಡಿಸುವುದು. ಬೀರುವಿನಲ್ಲಿ ಕೊಳೆಯುತ್ತಿದ್ದ ಚಿತ್ರದ ಕಾರ್ಡುಗಳೆಲ್ಲ ಹೊರಬಂದವು. ಗಂಡ ಮೊದಲೇ ಕನ್ನಡಿಗಳ ಚೂಪು ಅಂಚುಗಳನ್ನು ಉಜ್ಜಿ ನುಣುಪು ಮಾಡಿಕೊಟ್ಟಿದ್ದ. "ಮಕ್ಕಳ ಕೈ ಕೊಯ್ಯಬಾರದಲ್ಲ" ಎಂದಿದ್ದನಷ್ಟೆ.

ಭಾಷಾ ಶಿಕ್ಷಕರ ಮೇಲ್ವಿಚಾರಕಿ ಒಮ್ಮೆ ತಪಾಸಣೆಗೆ ಬಂದರು. ಮೆಟ್ಟಿಲು ಹತ್ತುವಾಗಲೇ ಗದ್ದಲ ಕೇಳಿ, ಟೀಚರ್ ಇಲ್ಲದ ತರಗತಿ ಎಂದುಕೊಂಡು ಮುಖ ಸಿಂಡರಿಸಿದರಂತೆ. ಬಾಗಿಲಲ್ಲಿ ನಿಂತು ಕೇಳಿದರೆ ಗದ್ದಲವೆಲ್ಲ ಫ್ರೆಂಚಿನಲ್ಲಿ! ಮಧ್ಯದಲ್ಲಿ ಒಬ್ಬಳು ತುಟಿ ಬಿಗಿದುಕೊಂಡು ಬೆರಳು ಮುಟ್ಟುತ್ತಾ ಓಡಾಡುತ್ತಿದ್ದಾಳೆ. ಅವರು ಪೂರ್ತಿ ಪಾಠ ಕೂತು ನೋಡಿದರು. ಹೊರಡುವಾಗ ಹೆಡ್ ಮೇಡಂಗೆ, "ರಜೆಯಲ್ಲಿ ನಡೆಯೋ ಶಿಬಿರಕ್ಕೆ ಇವರು ಸಂಪನ್ಮೂಲ ವ್ಯಕ್ತಿ. ನಾನು ಹೆಸರು ಸೇರಿಸ್ತೀನಿ" ಎಂದರು.

"ಹಾಗಂದ್ರೆ ಏನು?" ಎಂದು ಅತ್ತೆ ರಾತ್ರಿ ಕೇಳಿದರು.

"ಟೀಚರುಗಳಿಗೆ ಟೀಚರ್, ಅಮ್ಮ" ಎಂದ ಗಂಡ. ಅತ್ತೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದರು.

ಶಿಬಿರದ ಹೊತ್ತಿಗೆ ಡಾಕ್ಟರು ಮಾತಿಗೆ ಅಪ್ಪಣೆ ಕೊಟ್ಟಿದ್ದರು. ಆದರೂ ವೇದಿಕೆ ಹತ್ತಿದಾಗ ಟೀಚರ್ ಬಾಯಿ ತೆರೆಯಲಿಲ್ಲ. ಮುಂದೆ ಕೂತವರೆಲ್ಲ ಜರ್ಮನ್, ಸ್ಪ್ಯಾನಿಷ್, ಜಪಾನಿ ಕಲಿಸುವವರು. ಫ್ರೆಂಚ್ ಬರುತ್ತಿದ್ದವರು ಕಡಿಮೆ. ಬೇಕಾದ ಪದಗಳನ್ನು ಬೋರ್ಡಿನ ಮೇಲೆ ಬರೆದು, ಬಾರದವರನ್ನೇ ಸನ್ನೆ ಮಾಡಿ ಮುಂದೆ ಕರೆದಳು. ಅವರಲ್ಲಿ ಜಪಾನಿ ಕಲಿಸುವ ಹಿರಿಯರೊಬ್ಬರಿದ್ದರು, ಶಿಕ್ಷಕರ ಕೈಪಿಡಿಗಳನ್ನು ಬರೆದವರು. "ನನಗೆ ಈ ನಾಟಕ ಎಲ್ಲ ಒಗ್ಗಲ್ಲಮ್ಮ" ಎಂದು ಗೊಣಗುತ್ತಲೇ ಬಂದರು. ಅವಳು ಅವರ ಬೂಟನ್ನೇ ಬಿಚ್ಚಿಸಿದಳು. ಸ್ವಲ್ಪ ಹೊತ್ತಿಗೆ ಆ ಹಿರಿಯರು ಒಂಟಿ ಬೂಟಿನಲ್ಲಿ ಮೊಣಕಾಲೂರಿ, ಮೇಜಿನ ಕೆಳಗೆ ತಲೆ ಹಾಕಿ, ಪಕ್ಕದ ಸ್ಪ್ಯಾನಿಷ್ ಟೀಚರ್ ಮೇಲೆ "ಸೂ! ಸೂ ಅಂದೆನಲ್ಲ!" ಎಂದು ರೇಗುತ್ತಿದ್ದರು. ಸಭೆಯಲ್ಲಿ ನಗು ತಡೆಯಲು ಆಗಲಿಲ್ಲ. ಅವರೂ ನಕ್ಕರು.

ಮುಗಿದ ಮೇಲೆ ಬೂಟಿನ ದಾರ ಕಟ್ಟುತ್ತಾ ಅವರು ಕೇಳಿದ ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. "ಇದ್ದದ್ದನ್ನ ಕಣ್ಣೆದುರು ತೋರಿಸಿದಿರಿ, ಸರಿ. ನಿನ್ನೆ ಆದದ್ದನ್ನ ಹೇಗೆ ತೋರಿಸ್ತೀರಿ? ಭೂತಕಾಲಕ್ಕೆ ಏನು ಮಾಡ್ತೀರಿ?"

ಟೀಚರ್ ಆಗ ಬಾಯಿ ತೆರೆದಳು. ಹೊರಬಂದ ದನಿ ಅವಳಿಗೇ ಹೊಸದು: ತಗ್ಗಿದ, ಸ್ವಲ್ಪ ಒರಟಾದ ದನಿ.

"ಗೊತ್ತಿಲ್ಲ ಸರ್. ಅಲ್ಲಿಗೇ ನಿಂತಿದ್ದೀನಿ. ನೀವು ಜೊತೆಗೆ ಕೂತರೆ ಹುಡುಕೋಣ."

ಅವರು ಹುಬ್ಬೇರಿಸಿ ನೋಡಿ, "ಕೂರ್ತೀನಿ" ಎಂದರು. ಕೂತರು ಕೂಡ. ಮುಂದಿನ ವರ್ಷವೆಲ್ಲ ಇಬ್ಬರೂ ಫೋನಿನಲ್ಲಿ ಜಗಳವಾಡಿಕೊಂಡು ಒಂದು ಪೆಟ್ಟಿಗೆ ತಯಾರು ಮಾಡಿದರು. ಚಿತ್ರದ ಕಾರ್ಡು, ಪುಟ್ಟ ಕನ್ನಡಿಗಳು, ನಿನ್ನೆ-ಇಂದು-ನಾಳೆಗೆ ನೆಲದ ಮೇಲೆ ಹಾಸುವ ಮೂರು ಬಣ್ಣದ ಬಟ್ಟೆ, ಬೆರಳಿನ ಪಾಠಕ್ಕೆ ಒಂದು ತೆಳ್ಳನೆ ಕೈಪಿಡಿ. ನಿನ್ನೆಯ ಬಟ್ಟೆಯ ಮೇಲೆ ಕಾಲಿಟ್ಟವರು ಭೂತಕಾಲದಲ್ಲೇ ಮಾತಾಡಬೇಕು. ಮೇಲ್ವಿಚಾರಕಿ ಅದನ್ನು ಶಾಲೆಯಿಂದ ಶಾಲೆಗೆ ಕಳಿಸಿದರು. ಅವಳ ಶಾಲೆಯಲ್ಲಿ ಫ್ರೆಂಚ್ ನಿಲ್ಲಲಿಲ್ಲ, ಬದಲಿಗೆ ಇನ್ನೊಂದು ತರಗತಿ ತೆರೆಯಿತು. ಹಳೆಯ ದನಿ ಮಾತ್ರ ಮರಳಲಿಲ್ಲ. ಅವಳು ಅದನ್ನು ಹುಡುಕಲೂ ಇಲ್ಲ.

ಕೆಲವು ವರ್ಷಗಳ ಮೇಲೆ ದೂರದ ಇನ್ನೊಂದು ಊರಿನ ಶಿಬಿರಕ್ಕೆ ಹೋಗಿದ್ದಳು. ಬಸ್ಸು ತಡವಾಗಿ, ಹಿಂದಿನ ಸಾಲಿನಲ್ಲಿ ಕೂರಬೇಕಾಯಿತು. ಪಕ್ಕದಲ್ಲಿದ್ದ ಎಳೆಯ ಟೀಚರೊಬ್ಬಳು ಇವಳ ಬಿಳಿಕೂದಲು ನೋಡಿ ಕನಿಕರದಿಂದ, "ಮೇಡಂ, ಬೆರಳಿನ ಪಾಠ ಗೊತ್ತಾ ನಿಮಗೆ? ತುಂಬಾ ಸುಲಭ, ಹೇಳಿಕೊಡ್ತೀನಿ" ಎಂದಳು.

"ಹೇಳಿಕೊಡಮ್ಮ" ಎಂದಳು ಟೀಚರ್.

ಹುಡುಗಿ ಬೆರಳು ಎತ್ತಿದಳು. ಪದಕ್ಕೊಂದು ಬೆರಳು, ತಪ್ಪಿದ್ದಲ್ಲಿ ಹಿಡಿದು ಅಲ್ಲಾಡಿಸುವುದು, ಎಲ್ಲ ಅದೇ. ಆಮೇಲೆ ಎರಡು ಬೆರಳುಗಳನ್ನು ಅಂಟಿಸಿ ಹಿಡಿದಳು. "ಎರಡು ಪದ ಸೇರಿ ಒಂದಾಗೋ ಕಡೆ ಹೀಗೆ. ಮಕ್ಕಳು ಇನ್ನು ಬಿಡಿಸಿ ಹೇಳೋದೇ ಇಲ್ಲ."

ಟೀಚರಿಗೆ ಮೈ ಜುಮ್ಮೆಂದಿತು. ಫ್ರೆಂಚಿನಲ್ಲಿ ಹೆಜ್ಜೆಹೆಜ್ಜೆಗೂ ಪದಗಳು ಕೂಡಿಕೊಳ್ಳುತ್ತವೆ, ಇಷ್ಟು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದು ಬರೆದು ಸಾಕಾಗಿತ್ತು. ಇದು ತನಗೆ ಹೊಳೆದೇ ಇರಲಿಲ್ಲ! "ಇನ್ನೊಂದ್ಸಲ ತೋರಿಸು" ಎಂದು ತಾನೂ ಬೆರಳು ಜೋಡಿಸಿ ಕಲಿತಳು. ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದಾಗ ಹುಡುಗಿ, "ಇದೆಲ್ಲ ಮೊದಲಿಂದ ಇರೋದೇ ಅಲ್ವಾ ಮೇಡಂ?" ಎಂದಳು. ಟೀಚರ್ ಹೌದೆಂಬಂತೆ ತಲೆಯಾಡಿಸಿದಳು. ಎದೆ ತುಂಬಿ ಬಂದು, ಮುಂದಿನ ಭಾಷಣದ ಒಂದಕ್ಷರವೂ ಅವಳ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದು ಗಂಡನಿಗೂ ಅತ್ತೆಗೂ ನಡೆದದ್ದೆಲ್ಲ ಹೇಳಿ, ಜೋಡಿಸಿದ ಬೆರಳುಗಳನ್ನು ತೋರಿಸಿದಳು. ಗಂಡ ತೃಪ್ತಿಯಿಂದ ನಕ್ಕ. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ.

"ನಿನ್ನ ಹೆಸರು ಹೇಳೋಕೆ ನಾಚಿಕೆಯಾದ್ರೆ ಬಿಡು" ಎಂದರು. "ನನ್ನ ಹೆಸರಾದ್ರೂ ಹೇಳಿ ಬರಬಾರದಿತ್ತಾ!"