ಮಿಲಿಟರಿ ಲಾರಿಯ ಸ್ಟೇರಿಂಗ್ ಹಿಡಿದದ್ದು

ನನ್ನ ಗಂಡನಿಗೆ ಮಿಲಿಟರಿ ಲಾರಿಯ ಹುಚ್ಚು ಹತ್ತಿದ್ದು ಶುಂಠಿಯಿಂದ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಳಗಿರುವ ನಮ್ಮ ಹೊಲಕ್ಕೆ ಮಳೆ ಬಿದ್ದರೆ ಬಾಡಿಗೆ ಲಾರಿಯವರು ಬರುತ್ತಿರಲಿಲ್ಲ. ಮೂಟೆಗಳನ್ನು ತಲೆಯ ಮೇಲೆ ಹೊತ್ತು ರಸ್ತೆಗೆ ತರಬೇಕಿತ್ತು. ಸೇನೆಯವರು ಬಳಸಿ ಬಿಟ್ಟ ಲಾರಿಗಳು ಹರಾಜಿಗೆ ಬರುತ್ತವೆ, ನಾಲ್ಕೂ ಚಕ್ರ ಎಳೆಯುವುದರಿಂದ ಅವು ಕೆಸರಿಗೆ ಹೆದರುವುದಿಲ್ಲ ಎಂದು ಯಾರೋ ಇವರ ಕಿವಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಅಂಥದ್ದೊಂದು ನಮ್ಮ ಕಣಕ್ಕೆ ಬಂದು ನಿಂತಿತು.

ಅತ್ತೆ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು. "ಇದೇನ್ಲಾ, ಯುದ್ಧಕ್ ಓಯ್ತೀಯಾ?"

"ಶುಂಠಿ ತುಂಬಕೆ ಕಣವ್ವ," ಎಂದು ಇವರು ನಕ್ಕರು. ನಾನು ನಗಲಿಲ್ಲ. ಹಸು ಕಟ್ಟುವ ಜಾಗವನ್ನೆಲ್ಲ ಅದೇ ನುಂಗಿತ್ತು.

ಸೇನೆಯ ಹಸಿರು ಬಣ್ಣ ಇಟ್ಟುಕೊಳ್ಳುವಂತಿಲ್ಲವೆಂದು ನೀಲಿ ಬಳಿಸಿದರು. ಟಾರ್ಪಾಲಿನ ಕಮಾನುಗಳನ್ನು ಬಿಚ್ಚಿ, ಹುಣಸೂರಿನ ಸಾಮಿಲ್ಲಿನಿಂದ ಹಲಗೆ ತಂದು ಎತ್ತರದ ಬಾಡಿ ಕಟ್ಟಿಸಿದರು. ಸೈನಿಕರು ಕೂರುತ್ತಿದ್ದ ಬೆಂಚುಗಳು ನಮ್ಮ ಜಗಲಿಗೆ ಬಂದವು. ಮುಂದಿನ ಬಂಪರಿನಲ್ಲಿದ್ದ ವಿಂಚನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಬ್ಬಿಣದ ರೋಪು ಸುತ್ತಿದ ಉರುಳೆ ಅದು. ಇಂಜಿನ್ನಿನ ಬಲದಿಂದ ತಿರುಗಿ ಭಾರ ಎಳೆಯುತ್ತದೆ. ಮರದ ಬೊಡ್ಡೆ ಕೀಳಬೇಕೆಂದರೆ ಊರವರು ನಮ್ಮ ಲಾರಿಯನ್ನೇ ಕರೆಯುತ್ತಿದ್ದರು.

ಬಿಡಿಭಾಗಕ್ಕಾಗಿ ಇವರು ಪಿರಿಯಾಪಟ್ಟಣ, ಕೆ.ಆರ್. ನಗರದ ಗುಜರಿಗಳನ್ನೆಲ್ಲ ಸುತ್ತಿದರು. ಕಂಪಲಾಪುರದ ಮೇಸ್ತ್ರಿಯೊಬ್ಬರು ಬ್ರೇಕು ಸರಿಮಾಡಿಕೊಟ್ಟರು. ಮನೆಯಲ್ಲಿ ಗ್ರೀಸ್ ಹೊಡೆಯಲು, ಸ್ಪ್ಯಾನರ್ ಕೊಡಲು ನಾನೇ ಜೊತೆ. ಬ್ಯಾಟರಿ ಸೋತಾಗ ಲಾರಿಯನ್ನು ಇಳಿಜಾರಿಗೆ ತಳ್ಳಬೇಕಿತ್ತು. ಗಂಡಸರೆಲ್ಲ ತಳ್ಳಲು ನಿಂತರೆ ಸ್ಟೇರಿಂಗಿಗೆ ಜನವಿಲ್ಲ, ನನ್ನನ್ನು ಹತ್ತಿಸಿದರು. ಹಾಗೆ ಕ್ಲಚ್ಚು ಬಿಡುವುದು ಕಲಿತೆ. ಆಮೇಲೆ ಹೊಲದೊಳಗೆ ಓಡಿಸಿದೆ. ಇವರು ಬೊಡ್ಡೆಗೆ ರೋಪು ಕಟ್ಟಿ ಕೈ ಬೀಸಿದರೆ ವಿಂಚಿನ ಲಿವರ್ ಎಳೆಯುವುದೂ ನನ್ನ ಪಾಲಿನ ಕೆಲಸವಾಯಿತು.

ಹೋದ ಮಳೆಗಾಲದಲ್ಲಿ ಇವರು ಪಕ್ಕದ ಹೊಲದವನ ಟ್ರ್ಯಾಕ್ಟರನ್ನು ಬದುವಿನ ಮೇಲಿಂದ ಇಳಿಸುತ್ತಿದ್ದರು. ನೆಂದ ಬದು ಕುಸಿದು ಟ್ರ್ಯಾಕ್ಟರ್ ಮಗುಚಿಕೊಂಡಿತು. ಅವನು ಕೂಗುತ್ತ ಮನೆಗೆ ಓಡಿಬಂದ. "ಅಕ್ಕೋ, ಅಣ್ಣ ಟ್ರ್ಯಾಕ್ಟರ್ ಕೆಳೀಕ್ ಸಿಕ್ಕಂಡವ್ರೆ! ಎತ್ತಕಾಯ್ತಿಲ್ಲ!"

ಹಿಟ್ಟು ಮೆತ್ತಿದ ಕೈಯಲ್ಲೇ ಲಾರಿ ಹತ್ತಿದೆ. ಅದಕ್ಕೆ ಬೀಗದ ಕೈಯಿಲ್ಲ, ಸ್ವಿಚ್ಚು ತಿರುಗಿಸಿದರೆ ಆಯಿತು. ಹೊಲದ ಕೆಸರಿನಲ್ಲಿ ಅದು ಒಮ್ಮೆಯೂ ಜಾರಲಿಲ್ಲ.

ಇವರ ಎಡಗಾಲು ತೊಡೆಯವರೆಗೆ ಟ್ರ್ಯಾಕ್ಟರಿನ ಅಡಿಯಲ್ಲಿತ್ತು. ಮೆತ್ತನೆಯ ಕೆಸರು ಇದ್ದುದರಿಂದ ಕಾಲು ಪೂರ್ತಿ ಜಜ್ಜಿಹೋಗಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಗಟ್ಟಿ ನೆಲದ ಮೇಲ್ ನಿಲ್ಸು. ನಿಧಾನ ಕಣೆ. ಒಂದೇ ಸಲ ಎಳುದ್ರೆ ಜಾರ್ಬುಡ್ತದೆ."

"ಗೊತ್ತು, ನೀವ್ ಸುಮ್ಕಿರಿ," ಎಂದೆ. ಲಾರಿಯನ್ನು ಹಿಂದೆ ಸರಿಸಿ ಗಟ್ಟಿ ನೆಲದ ಮೇಲೆ ನಿಲ್ಲಿಸಿದೆ.

ಪಕ್ಕದ ಹೊಲದವನು ಲಾರಿಯ ಚಕ್ರಗಳಿಗೆ ಕಲ್ಲು ಕೊಟ್ಟು, ರೋಪನ್ನು ಟ್ರ್ಯಾಕ್ಟರಿನ ಮೇಲ್ಬದಿಯ ಆಕ್ಸಲ್ಲಿಗೆ ಬಿಗಿದು ಕೈ ಬೀಸಿದ. ಲಿವರ್ ಎಳೆದೆ. ರೋಪು ಬಿಗಿಯಾಗಿ ಲಾರಿಯ ಮೂತಿ ಕೆಳಗೆ ಬಾಗಿತು. ಟ್ರ್ಯಾಕ್ಟರ್ ಗೇಣುದ್ದ ಮೇಲೆದ್ದಿತು. ಅವನೂ ಅವನ ಹೆಂಡತಿಯೂ ಅಡಿಗೆ ಮರದ ದಿಮ್ಮಿ ತುರುಕಿದರು. ಇನ್ನಷ್ಟು ಎತ್ತಿದೆ.

"ನಿಲ್ಸಕ್ಕ! ಬಂದ್ರು, ಅಣ್ಣ ಈಚ್ಗೆ ಬಂದ್ರು!"

ಇಳಿದು ನೋಡಬೇಕೆಂದರೆ ಲಿವರಿನಿಂದ ಕೈ ಕೀಳಲು ಆಗಲಿಲ್ಲ. ಅವನ ಹೆಂಡತಿ ಬಂದು ಬೆರಳು ಬಿಡಿಸಿದಳು.

ಲಾರಿಯ ಹಿಂಭಾಗದಲ್ಲಿ ಗೋಣಿಚೀಲ ಹಾಸಿ ಇವರನ್ನು ಮಲಗಿಸಿದೆವು. ಅವಳು ತಲೆ ಹಿಡಿದುಕೊಂಡು ಕೂತಳು. ಟಾರು ರಸ್ತೆಯಲ್ಲಿ ನಾನು ಲಾರಿ ಓಡಿಸಿದ್ದು ಅದೇ ಮೊದಲು. ಹುಣಸೂರಿನ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿ ಮೈಸೂರಿಗೆ ಕಳಿಸಿದರು. ಅಲ್ಲಿ ಮೂಳೆಗೆ ರಾಡು ಹಾಕಿದರು. "ಕಾಲು ಉಳೀತಮ್ಮ" ಎಂದು ಡಾಕ್ಟರು ಹೇಳಿದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ.

ನಾವು ವಾಪಸ್ಸು ಬರುವಷ್ಟರಲ್ಲಿ ನಮ್ಮ ಶುಂಠಿಯ ಬುಡಕ್ಕೆ ಮಣ್ಣು ಏರಿಸಿ ಆಗಿತ್ತು. ಯಾರು ಏರಿಸಿದರೆಂದು ಕೇಳಿದರೆ ಅತ್ತೆ ಅರ್ಧ ಊರನ್ನೇ ಹೇಳಿದರು. ಹಸುಗಳ ಹಾಲನ್ನು ಪಕ್ಕದ ಹೊಲದವನ ಹೆಂಡತಿ ಕರೆಯುತ್ತಿದ್ದಳು. ಒಬ್ಬಟ್ಟು ಮಾಡಿ ಅವರನ್ನೆಲ್ಲ ಉಣ್ಣಲು ಕರೆದೆ.

ಈಗ ನನ್ನ ಹತ್ತಿರ ಲೈಸೆನ್ಸಿದೆ. ಮೊನ್ನೆ ಭೇರ್ಯದ ಕಡೆಯಿಂದ ಭತ್ತದ ಹುಲ್ಲು ತುಂಬಿಕೊಂಡು ಬಂದೆವು. ಇವರು ಪಕ್ಕದಲ್ಲಿ ಕಾಲು ನೀಡಿ ಕೂತು ದಾರಿಯುದ್ದಕ್ಕೂ ಗೊಣಗಿದರು: "ಗೇರ್ ಇಳ್ಸೆ. ಆರನ್ ಒಡಿಯೆ. ಅದ್ಯಾಕಂಗ್ ತಿರುಗ್ಸೀಯೆ?" ಆ ಗೊಣಗಾಟ ಕೇಳುತ್ತ ಊರು ಬಂದದ್ದೇ ತಿಳಿಯಲಿಲ್ಲ.