ಹೊಸ್ತಿಲ ಹೊರಗೆ ತುಂಬಿದ ಉಡಿ

ಹಿರೇಮಡ್ಡಿಯ ಹನುಮಮ್ಮ ನಾಟಿಗೆ ಇಳಿದರೆ ಉಳಿದ ಹೆಂಗಸರು ಅವಳ ಬಲಕ್ಕೆ ಸಾಲು ಹಿಡಿಯುತ್ತಿದ್ದರು. ಯಾರ ಗದ್ದೆಗೆ ಮೊದಲು ಹೋಗಬೇಕು, ಬಾಣಂತಿಗೆ ಯಾವ ಕೆಲಸ ಕೊಡಬೇಕು, ಕೆಮ್ಮುವ ಮುದುಕಿಯನ್ನು ಯಾವ ಬದುವಿನ ಮೇಲೆ ಕೂರಿಸಬೇಕು ಎಂಬುದನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಆ ಹಿರೇತನವನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಹಳ್ಳದ ನೀರು ತಗ್ಗು ಹುಡುಕಿಕೊಂಡು ಹೋಗುವ ಹಾಗೆ ಅದು ಅವಳ ಹತ್ತಿರ ಬಂದಿತ್ತು.

ಹಚ್ಚೊಳ್ಳಿಯಿಂದ ಕಾಲುವೆ ದಂಡೆ ಹಿಡಿದು ನಡೆದರೆ ಸಿಗುವ ಊರು ಅದು. ಕುರುಗೋಡಿನ ಗಾದೆಮ್ಮನ ಮಗಳು ಹನುಮಮ್ಮ ಆ ಊರಿಗೆ ಸೊಸೆಯಾಗಿ ಬಂದಾಗ ಹೊಲಗಳಲ್ಲಿ ಜೋಳ, ನವಣೆ ಇದ್ದವು. ಆಮೇಲೆ ನೀರು ಬಂತು, ಬತ್ತ ಬಂತು. ಭೂಮಿ ಇದ್ದವರು ಸಾವ್ಕಾರರಾದರು. ಇಲ್ಲದವರ ಬೆರಳ ಸಂದಿಗೆ ಕೆಸರುಹುಣ್ಣು ಬಂತು.

ಕೆಳಗೇರಿಯವರಿಗೆ ಸತ್ತವರನ್ನು ಹೂಳಲು ಊರಾಚೆ ಒಂದಿಷ್ಟು ಜಾಗವಿತ್ತು, ಅಲ್ಲಿಗೆ ಒಂದು ದಾರಿಯೂ ಇತ್ತು. ತಿಪ್ಪೇರುದ್ರಪ್ಪ ಸಾವ್ಕಾರ ಅದರ ಪಕ್ಕದಲ್ಲೇ ರೈಸ್‌ಮಿಲ್ಲು ಕಟ್ಟಿಸಿದ. ಮೊದಮೊದಲು ಬತ್ತದ ಹೊಟ್ಟು ದಾರಿಯ ಅಂಚಿಗೆ ಬಿತ್ತು. ಬರುಬರುತ್ತ ದಾರಿಯ ನಡುವೆಯೇ ದಿಬ್ಬವಾಯಿತು. ಕೊನೆಗೆ ಆ ದಿಬ್ಬದ ಸುತ್ತ ಮುಳ್ಳುತಂತಿ ಎದ್ದಿತು. ಕೇಳಲು ಹೋದವರಿಗೆ ಸಾವ್ಕಾರ ನಗುತ್ತಲೇ ಹೇಳಿದ: "ಸತ್ತೋರಿಗೆ ಅವಸರ ಇರಂಗಿಲ್ಲಪ್ಪ. ಸುತ್ತು ಹಾಕ್ಕೊಂಡು ಹೋಗ್ರಿ."

ಸುತ್ತು ಹಾಕಿದರೆ ಇದ್ದದ್ದು ಗದ್ದೆ. ನಾಟಿ ಕಾಲದಲ್ಲಿ ಹನುಮಮ್ಮನ ಮಾವ ತೀರಿಕೊಂಡಾಗ ಹೊತ್ತವರ ಕಾಲು ಮೊಳಕಾಲಿನವರೆಗೆ ಹೂತು, ಚಟ್ಟ ಒಂದು ಕಡೆ ವಾಲಿ, ಮುದುಕನ ಕೆನ್ನೆ ಕೆಸರಿಗೆ ತಾಗಿತು. ಅವಳ ಗಂಡ ಹುಲುಗಪ್ಪ ಅಳಲಿಲ್ಲ, ಬೈಯಲೂ ಇಲ್ಲ. ಕಾಲುವೆಯಿಂದ ಬೊಗಸೆಯಲ್ಲಿ ನೀರು ತಂದು ತಂದು ಅಪ್ಪನ ಮುಖ ತೊಳೆದ. ಬದುವಿನ ಮೇಲೆ ನಿಂತು ಅದನ್ನು ನೋಡಿದ ಹನುಮಮ್ಮನ ಎದೆಯಲ್ಲಿ ಅಂದು ಹೊತ್ತಿದ ಬೆಂಕಿ ಆಮೇಲೆ ಆರಲಿಲ್ಲ.

ಎಂಬತ್ತೇಳರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು. ಹೆಂಗಸರಿಗೂ ಕೇರಿಯವರಿಗೂ ಜಾಗ ಮೀಸಲು ಎಂದರು. ಕಾಲುವೆ ಕೆಲಸದ ಕಂಟ್ರಾಕ್ಟರ ಕಾಡಸಿದ್ದಪ್ಪ ಕೇರಿಗೆ ಬಂದು ಹುಲುಗಪ್ಪನ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನಿಗೂ ತಿಪ್ಪೇರುದ್ರಪ್ಪನಿಗೂ ಹಾವು ಮುಂಗುಸಿಯ ಹಗೆ. ಒಬ್ಬ ಇನ್ನೊಬ್ಬನನ್ನು 'ಹೆಣದ ದಾರಿ ನುಂಗಿದವ' ಎಂದರೆ, ಆ ಇನ್ನೊಬ್ಬ ಇವನನ್ನು 'ಕಾಲುವೆ ಮಣ್ಣು ತಿಂದವ' ಎನ್ನುತ್ತಿದ್ದ. ಇಬ್ಬರ ಮಾತೂ ನಿಜವಾಗಿತ್ತು.

"ನೀ ನನ್ನ ಪಾರ್ಟಿಯಿಂದ ನಿಂದ್ರವ್ವ. ಗೆದ್ದ ಮರುದಿನಾನ ಆ ತಂತಿ ಕೀಳಸ್ತೀನಿ" ಎಂದ ಕಾಡಸಿದ್ದಪ್ಪ.

ಹನುಮಮ್ಮ ನಿಂತಳು. ಮನೆಮನೆಗೂ ಹೋಗಿ ಕೇಳಿದ್ದು ಒಂದೇ ಮಾತು: "ನನಗ ಹಾಕಬ್ಯಾಡ್ರಿ. ನಿಮ್ಮ ಸತ್ತೋರಿಗೆ ಹಾಕ್ರಿ." ಕೇರಿಗೆ ಕೇರಿಯೇ ಹಾಕಿತು.

ಗೆದ್ದ ಮರುದಿನ ತಂತಿ ಇದ್ದಲ್ಲೇ ಇತ್ತು. ಕಾಡಸಿದ್ದಪ್ಪ ಮಾತ್ರ ಊರಲ್ಲಿರಲಿಲ್ಲ.

ಆಗಿದ್ದೇನೆಂದರೆ, ಸದಸ್ಯರು ಮೂರು ಗುಂಪಾಗಿ ಗೆದ್ದು ಬಂದಿದ್ದರು. ದೊಡ್ಡಬಸಪ್ಪನೆಂಬ ಸಣ್ಣ ಹಿಡುವಳಿದಾರನ ಗುಂಪೇ ದೊಡ್ಡದು. ಆದರೂ ಅವನು ಮಂಡಲದ ಮುಖ್ಯಸ್ಥ, ಅಂದರೆ ಪ್ರಧಾನನಾಗಲು ಇನ್ನೊಬ್ಬ ಸದಸ್ಯರ ಕೈ ಬೇಕಿತ್ತು. ಆ ಒಂದು ಕೈ ಅವನಿಗೆ ಸಿಗುವ ಮೊದಲೇ ಹಾವೂ ಮುಂಗುಸಿಯೂ ಒಂದೇ ಬುಟ್ಟಿಯಲ್ಲಿ ಸುರುಳಿ ಸುತ್ತಿಕೊಂಡವು. ಇಬ್ಬರ ಕಡೆಯವರೂ ಕೂಡಿದರೆ ಬಹುಮತ. ಒಬ್ಬರು ಜಾರಿದರೂ ಇಲ್ಲ.

ಹನುಮಮ್ಮನಿಗೆ ಇದು ತಿಳಿದದ್ದು ಜೀಪಿನಲ್ಲಿ. ಪ್ರಧಾನನ ಆಯ್ಕೆಯಾಗುವ ತನಕ ತಮ್ಮ ಎರಡೂ ಕಡೆಯ ಸದಸ್ಯರನ್ನು ಬಳ್ಳಾರಿಯಲ್ಲಿ ಇಡುವುದೆಂದು ಕರೆದುಕೊಂಡು ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಮುದುಡಿ ಕೂತವಳು ಕೇಳಿದಳು: "ಅಣ್ಣಾ, ಆ ಸಾವ್ಕಾರನ ಕೂಡ ಕೂಡಿದಿ ಅಂತಾರಲ್ಲ, ಖರೇ ಏನು?"

"ಕಾಲ ಬದಲಾಗೈತಿ ಹನುಮವ್ವ" ಎಂದ ಕಾಡಸಿದ್ದಪ್ಪ. "ದಿಲ್ಲ್ಯಾಗ ಕೂಡಿದ್ರು, ಬೆಂಗ್ಳೂರಾಗ ಕೂಡಿದ್ರು. ಸಮ್ಮಿಶ್ರ ಅಂತಾರ ಇದಕ್ಕ."

"ಅಂದ್ರ ಏನಣ್ಣ?"

"ಎಲ್ಲಾರೂ ಕೂಡಿ ಉಣ್ಣೋದು."

"ನಾವೂ?"

"ನೀವೂ ಉಣ್ತೀರಿ. ಪಂಕ್ತಿ ಕಡೀಗೆ" ಎಂದು ಮುಂದಿನ ಸೀಟಿನಿಂದ ಯಾರೋ ಹೇಳಿದರು. ಜೀಪೆಲ್ಲ ನಕ್ಕಿತು.

ಆಮೇಲೆ ಅವರು ಅವಳೊಬ್ಬಳು ಅಲ್ಲಿ ಕೂತಿರುವುದನ್ನೇ ಮರೆತು ಮಾತಾಡಿದರು. ಮೊದಲರ್ಧ ತಿಪ್ಪೇರುದ್ರಪ್ಪ ಪ್ರಧಾನ, ಉಳಿದರ್ಧ ಕಾಡಸಿದ್ದಪ್ಪ. ಕಾಲುವೆ ದಂಡೆಯ ಕೆಲಸವೆಲ್ಲ ಕಾಡಸಿದ್ದಪ್ಪನಿಗೆ. ಹೊಟ್ಟು ಬಿದ್ದ ಜಾಗವನ್ನು ಪಂಚಾಯಿತಿಯೇ ಮಿಲ್ಲಿನ ಹೆಸರಿಗೆ ಬರೆದುಕೊಡುವುದು. ಹನುಮಮ್ಮ ಕಿಟಕಿಯಾಚೆ ನೋಡಿದಳು. ಹಸಿರು ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಅವುಗಳಲ್ಲಿ ಎಷ್ಟೋ ಅವಳ ಕೈಯಲ್ಲಿ ನಾಟಿಯಾದವು. ಯಾರ ಓಟಿನಿಂದ ಗೆದ್ದರೋ ಅವರ ಹೆಣದ ದಾರಿಯನ್ನೇ ಇವರು ಬಾಡೂಟದ ತುಂಡಿನಂತೆ ಹಂಚಿಕೊಳ್ಳುತ್ತಿದ್ದರು. ಹಂಚಿಕೊಳ್ಳುವಾಗ ದನಿಯನ್ನೂ ತಗ್ಗಿಸಿರಲಿಲ್ಲ.

ಬಳ್ಳಾರಿಯ ಪಾರ್ವತಿನಗರದಲ್ಲಿ ತಿಪ್ಪೇರುದ್ರಪ್ಪನ ಹೊಸ ಮನೆ. ಗಂಡಸರೆಲ್ಲ ಒಳಗೆ ಹೋಗಿ ವಿಭೂತಿ ಮುಟ್ಟಿ ಆಣೆ ಮಾಡಿ ಬಂದರು. ಹೆಣ್ಣುಮಗಳಿಂದ ಆಣೆ ಮಾಡಿಸುವುದು ಬೇಡ, ಉಡಿ ತುಂಬಿಸಿದರೆ ಸಾಕು ಎಂದು ಹೇಳಿಕೊಟ್ಟವನು ಕಾಡಸಿದ್ದಪ್ಪ. ಸಾವ್ಕಾರನ ಹೆಂಡತಿ ಚನ್ನವೀರಮ್ಮ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಹಸಿರು ಖಣ ತಂದಳು. ಹನುಮಮ್ಮ ಸೆರಗು ಒಡ್ಡಿದಳು. ಒಡ್ಡದೆ ಇರಲಾಗಲಿಲ್ಲ. ಈ ಕಡೆಯ ಹೆಣ್ಣು ಬಂದ ಉಡಿಯನ್ನು ಒಲ್ಲೆ ಎನ್ನುವುದಿಲ್ಲ. ಉಡಿ ತುಂಬಿದ ಮನೆ ಅವಳಿಗೆ ತವರು. ತವರಿಗೆ ಕೇಡು ಬಗೆದವಳ ಹೊಟ್ಟೆ ತಣ್ಣಗಿರುವುದಿಲ್ಲ ಎನ್ನುತ್ತಾರೆ.

ಗಂಡಸರನ್ನು ಒಂದು ಲಾಡ್ಜಿನಲ್ಲಿ ಕೂಡಿಹಾಕಿ ಬಾಗಿಲಿಗೆ ಜನ ಇಟ್ಟರು. ಹನುಮಮ್ಮ ತಾಯಿಯನ್ನು ನೋಡಿ ಬರುತ್ತೇನೆಂದಾಗ ಮಾತ್ರ ಯಾರೂ ತಡೆಯಲಿಲ್ಲ.

"ಹೋಗ್ಲಿ ಬಿಡ್ರಿ" ಎಂದ ಕಾಡಸಿದ್ದಪ್ಪ. "ಉಡಿ ತುಂಬಿಸ್ಕೊಂಡಾಕಿ ಎಲ್ಲಿಗೆ ಹೋಗ್ತಾಳ? ಹಗ್ಗ ಇಲ್ಲದಂಗ ಕಟ್ಟೀವಿ."

ಕುರುಗೋಡಿನ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಾವ್ಕಾರನಿಗೆ ಕೈ ಎತ್ತುವುದೆಂದರೆ ಮಾವನ ಕೆಸರು ಮೆತ್ತಿದ ಕೆನ್ನೆ ಕಣ್ಣಿಗೆ ಬರುತ್ತಿತ್ತು. ಎತ್ತದಿದ್ದರೆ ಉಡಿಗೆ ದ್ರೋಹ. ತಾಯಿಯ ಗುಡಿಸಲು ಮುಟ್ಟುವ ಹೊತ್ತಿಗೆ ಅವಳ ಮುಖ ಬಾಡಿದ ಎಲೆಯಾಗಿತ್ತು.

ಗಾದೆಮ್ಮ ಕಸಬರಿಗೆ ಕಟ್ಟುತ್ತ ಕೂತಿದ್ದಳು. ಮಗಳು ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿದಳು.

"ಹೆಂಗ ಬಿಡಿಸ್ಕೊಳ್ಳಲಬೇ ಇದನ್ನ? ಕಾಲವಿಗೆ ಬಿಟ್ರ ನಡೀತೈತೇನು?"

"ಅಕ್ಕಿ ಕಾಲವಿಗೆ ಬಿಡಾಕ ನಿನಗೇನು ಹುಚ್ಚು ಹಿಡದೈತೇನ್ಲೇ?" ಎಂದಳು ಗಾದೆಮ್ಮ. "ಮೊದಲು ಇದನ್ನ ಹೇಳು. ಎಲ್ಲಿ ಕುಂದ್ರಿಸಿದ್ರು ನಿನ್ನ?"

"ಕುಂದ್ರಿಸಲಿಲ್ಲ. ನಿಂತಿದ್ನಿ."

"ಕುಂದ್ರಾಕ ಮಣಿ ಹಾಕ್ಲಿಲ್ಲ?"

"ಇಲ್ಲ."

"ಮತ್ತ ದೇವರ ಜಗಲಿ ಮುಂದ ನಿಂದ್ರಿಸಿದ್ರೇನು?"

"ಒಳಗ ಎಲ್ಲಿ ಕರದ್ರಬೇ? ಆಕಿ ಮ್ಯಾಲಿನ ಮೆಟ್ಲದ ಮ್ಯಾಲೆ ಇದ್ಲು. ನಾ ಕೆಳಗ, ಅಂಗಳದಾಗ."

ಗಾದೆಮ್ಮನ ಕೈ ನಿಂತಿತು. "ಬೊಗಸಿಲೆ ತುಂಬಿದ್ಲೋ?"

"ಮೊರದಿಂದ ಸುರುವಿದ್ಲು. ಅರ್ಧ ನೆಲಕ್ಕ ಬಿತ್ತು. ಆರಿಸ್ಕೊಂಡ್ನಿ."

"ಕುಂಕುಮ?"

ಹನುಮಮ್ಮ ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. "ಹಚ್ಚಿಕೊ ಅಂತ ಕಟ್ಟಿ ಕೊಟ್ಲು."

ಮುದುಕಿ ಆ ಪೊಟ್ಟಣವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಅವಳ ಕಣ್ಣು ಕೆಂಪಾದವು.

"ಹುಚ್ಚೀ, ನಿನ್ನ ಲಗ್ನದಾಗ ನಾ ಹೆಂಗ ತುಂಬಿದ್ನಿ, ನೆನಪೈತೇನು? ಮಣಿ ಮ್ಯಾಲೆ ಕುಂದ್ರಿಸಿ, ಹಣಿಗೆ ಈ ಬೆರಳಿಲೆ ಕುಂಕುಮ ಒತ್ತಿ, ಬೊಗಸಿ ಬೊಗಸಿ ತುಂಬಿದ್ನಿ. ಮನ್ಯಾಗ ಇದ್ದದ್ದು ಒಂದು ಸೇರು ಜೋಳ. ಆದ್ರೂ ಅದು ಉಡಿ. ಹಣಿ ಮುಟ್ಟಾಕ ಹೇಸೋ ಮನಿ ಯಾವಾಗ ತವರು ಆಗ್ತೈತಿ? ಹೊಸ್ತಿಲ ಹೊರಗ ಸುರುವಿದ್ದು ಉಡಿ ಅಲ್ಲ, ಭಿಕ್ಷಾ. ನಾಯಿಗೆ ರೊಟ್ಟಿ ಒಗದಂಗ. ಭಿಕ್ಷಾ ಹಾಕಿದೋರಿಗೆ ಯಾರೂ ಮಗಳಾಗಂಗಿಲ್ಲ."

"ಮತ್ತ ಈ ಅಕ್ಕಿ?"

"ನಾಟಿ ಮಾಡಿದ್ದು ಯಾರ ಕೈ? ಒಲಿ ಹಚ್ಚು, ಹಸಿವಾಗೈತಿ."

ತಾಯಿ ಮಗಳು ಹೊಟ್ಟೆ ತುಂಬ ಅನ್ನ ಉಂಡರು. ಉಣ್ಣುವಾಗ ಹನುಮಮ್ಮನಿಗೆ ನಾಚಿಕೆಯಾಯಿತು. ಮೆಟ್ಟಿಲ ಕೆಳಗೆ ನಿಂತದ್ದಕ್ಕೆ ಅಲ್ಲ, ಅಷ್ಟು ದೊಡ್ಡ ಮನೆಯ ಉಡಿ ಎಂದು ಒಂದು ಕ್ಷಣ ತನ್ನ ಎದೆ ಉಬ್ಬಿದ್ದಕ್ಕೆ. ನಾಚಿಕೆ ಇಳಿಯುತ್ತ ಬಂದ ಹಾಗೆ ಸಿಟ್ಟು ಏರಿತು. ಅವರು ತನ್ನ ಕೇರಿಯ ದಾರಿ ನುಂಗಿದ್ದರು, ಓಟು ನುಂಗಿದ್ದರು. ಬಡ ತಾಯಂದಿರು ಮಗಳಿಗೆ ಕೊಡಲು ಇಟ್ಟುಕೊಂಡಿದ್ದ ಒಂದೇ ಒಂದು ಪವಿತ್ರ ಮಾತನ್ನೂ ಎತ್ತಿಕೊಂಡು ಹೋಗಿ ಅದರಿಂದಲೇ ಅವಳನ್ನು ಕಟ್ಟಲು ಹೊರಟಿದ್ದರು.

ಆಯ್ಕೆಯ ದಿನ ಪಂಚಾಯಿತಿ ಕಚೇರಿಯ ಮುಂದೆ ಜೀಪುಗಳು ನಿಂತವು. ಸಿರುಗುಪ್ಪದಿಂದ ಬಂದ ಅಧಿಕಾರಿ, ತಿಪ್ಪೇರುದ್ರಪ್ಪನ ಹೆಸರಿಗೆ ಒಪ್ಪುವವರು ಕೈ ಎತ್ತಿ ಎಂದರು. ಕೈಗಳು ಎದ್ದವು. ಮೂಲೆಯಲ್ಲಿ ಹನುಮಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಎತ್ತವ್ವ" ಎಂದು ಕಾಡಸಿದ್ದಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ.

"ತಂತಿ ಕೀಳಸಣ್ಣ, ಎತ್ತತೀನಿ. ಗೆದ್ದ ಮರುದಿನ ಅಂದಿದ್ದಿಯಲ್ಲ."

"ಮೊದಲು ಪ್ರಧಾನ ಆಗ್ಲಿ. ಆಮ್ಯಾಲೆ ಕುಂತು ಮಾತಾಡೋಣು" ಎಂದ ತಿಪ್ಪೇರುದ್ರಪ್ಪ, ಅಧಿಕಾರಿಯ ಕಡೆ ನೋಡಿ ನಗುತ್ತ.

"ನಮ್ಮ ಮಾವ ಕುಂತು ಮಾತಾಡಂಗಿಲ್ಲ ಸಾವ್ಕಾರ. ಆತನ ಮಾರಿ ಕೆಸರಾಗ ಇಟ್ಟವ್ರು ನೀವು."

ಕಾಡಸಿದ್ದಪ್ಪ ಎದ್ದೇ ನಿಂತ. "ಲೇ, ಉಡಿ ತುಂಬಿಸ್ಕೊಂಡು ಬಂದು ಮನಿ ಮುರೀತಿಯೇನು? ಹೆಣ್ಣಿನ ಜಾತಿಗೇ ಕಳಂಕ ನೀನು!"

ಅಲ್ಲಿಯವರೆಗೆ ಕೂತಿದ್ದ ಹನುಮಮ್ಮ ಎದ್ದಳು. ಗದ್ದೆಯ ಆ ಬದುವಿಗೂ ಕೇಳುವಂತೆ ಕೂಗಿ ಅಭ್ಯಾಸವಿದ್ದ ದನಿ ಅದು. ಕಚೇರಿಯ ಹೊರಗೆ ನಿಂತವರಿಗೂ ಕೇಳಿಸಿತು.

"ಯಾವ ಉಡಿ? ಮಣಿ ಹಾಕಿದ್ರೇನು? ಹಣಿಗೆ ಕುಂಕುಮ ಇಟ್ರೇನು? ಅಂಗಳದಾಗ ನಿಂದ್ರಿಸಿ ಮೊರದಿಂದ ಸುರುವಿದ್ರಿ, ಕುಂಕುಮ ಚೀಟ್ಯಾಗ ಕಟ್ಟಿ ಕೊಟ್ರಿ. ನನ್ನ ಕೈ ಬೇಕು ನಿಮಗ, ಹಣಿ ಮುಟ್ಟಾಕ ಹೇಸ್ಕಿ. ನಾನೇನು ನಿಮ್ಮ ಮಗಳಲ್ಲ. ಕೇರಿ ನನ್ನ ಆರಿಸಿ ಕಳಿಸೈತಿ. ನಿಮ್ಮಿಬ್ಬರನ್ನ ಕೂಡ್ರಿ ಅಂತ ಯಾರು ಆರಿಸ್ಯಾರ, ಹೇಳ್ರಿ?"

ಕಿಟಕಿಯ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಯಾವಳೋ ಒಬ್ಬಳು "ಥೂ" ಎಂದದ್ದು ಕೇಳಿಸಿತು. ಯಾರಿಗೆಂದು ಕೇಳುವ ಅಗತ್ಯವಿರಲಿಲ್ಲ.

ಹನುಮಮ್ಮ ದೊಡ್ಡಬಸಪ್ಪನ ಕಡೆ ತಿರುಗಿದಳು. "ನಿನ್ನನ್ನೂ ಕೇಳ್ತೀನಿ. ದಾರಿ ಬಿಡಸ್ತೀಯೇನಪ್ಪ?"

ದೊಡ್ಡಬಸಪ್ಪ ದೇವರಂಥ ಮನುಷ್ಯನೇನಲ್ಲ. ಅವನ ಬತ್ತವೂ ಅದೇ ಮಿಲ್ಲಿಗೆ ಹೋಗುತ್ತಿತ್ತು. ಸಾವ್ಕಾರನ ಮುಖ ನೋಡಿದ, ತನ್ನ ಕಡೆಯವರ ಮುಖ ನೋಡಿದ. "ಬಿಡಸ್ತೀನಿ" ಎಂದ.

"ಇವತ್ತ?"

"ಇವತ್ತ."

ಅವನ ಹೆಸರು ಕೂಗಿದಾಗ ಅವಳು ಕೈ ಎತ್ತಿದಳು. ಒಂದು ಕೈಯಿಂದ ಅವನು ಪ್ರಧಾನನಾದ.

ಆ ಪ್ರಧಾನಗಿರಿಯೂ ಬಹಳ ಕಾಲ ಬಾಳಲಿಲ್ಲ. ಅವನ ಕಡೆಯವರೇ ಇಬ್ಬರು ಮುಂದೊಂದು ದಿನ ಅದೇ ಪಾರ್ವತಿನಗರದ ಮನೆಗೆ ಹೋಗಿ ಉಂಡು ಬಂದರು. ತಿಪ್ಪೇರುದ್ರಪ್ಪನ ಕೊರಳಿಗೆ ಹಾರ ಬಿತ್ತು, ಕಾಡಸಿದ್ದಪ್ಪನಿಗೆ ದಂಡೆಯ ಕೆಲಸ ಸಿಕ್ಕಿತು, ಹೊಸ ದಂಡೆ ಒಂದೇ ಮಳೆಗೆ ಕುಸಿಯಿತು. ಇಂಥವರಿಗೆ ನಾಚಿಕೆ ಎಂಬುದನ್ನು ಯಾವ ಓಟೂ ಕಲಿಸಲಿಲ್ಲ.

ಆದರೆ ಅದೆಲ್ಲ ಆದದ್ದು ಆಮೇಲೆ. ಆಯ್ಕೆಯ ದಿನ ಹನುಮಮ್ಮ ಹೊಸ ಪ್ರಧಾನನ ಹಾರ ಬಾಡುವ ತನಕವೂ ಕಾಯಲಿಲ್ಲ. ಕೊಟ್ಟ ಮಾತು ಬಿಸಿಯಿದ್ದಾಗಲೇ ನಡೆಯಬೇಕು, ತಣ್ಣಗಾದರೆ ಮುರಿದುಬೀಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೆಂಗಸರು ಬುಟ್ಟಿ ಹಿಡಿದು ಹೊರಟರು, ಗಂಡಸರು ಸಲಿಕೆ ತಂದರು. ಹುಲುಗಪ್ಪ ತಂತಿ ಕಿತ್ತು ಸುತ್ತಿ ಮಿಲ್ಲಿನ ಬಾಗಿಲ ಮುಂದೆ ಇಟ್ಟು ಬಂದ. "ಅವರದು ಅವರಿಗೆ" ಎಂದ. ಹೊಟ್ಟಿನ ಧೂಳು ಎದ್ದು ಎಲ್ಲರ ಹುಬ್ಬು, ತಲೆಗೂದಲು ಬಂಗಾರದ ಬಣ್ಣವಾದವು. ಇಳಿಹೊತ್ತಿಗೆ ಅದರಡಿಯಿಂದ ಹಳೆಯ ದಾರಿ ಕಂಡಿತು: ಕಪ್ಪಗೆ, ಹಸಿಯಾಗಿ, ಬಹಳ ದಿನ ಬಿಸಿಲು ಕಾಣದ ಮೈಯಂತೆ.

ಕೇರಿಯ ಎಲ್ಲರಿಗಿಂತ ಹಿರಿಯಳಾದ ಕೊಟ್ರಮ್ಮ ಕೋಲೂರಿಕೊಂಡು ಬಂದಳು. ಹನುಮಮ್ಮ ತಡೆಯಲು ಹೋದಳು. "ಎಲ್ಲಿಗೆ ಹೊಂಟಿ ಅತ್ತಿ? ಇನ್ನಾ ನೆಲ ಹಸಿ ಐತಿ, ಜಾರೀತು."

"ಹೊತ್ತು ಒಯ್ಯುವಾಗ ನನಗೇನು ಕಾಣ್ತೈತೇ ತಂಗಿ?" ಎಂದಳು ಕೊಟ್ರಮ್ಮ. "ಜೀವ ಇದ್ದಾಗ್ಲೇ ಒಮ್ಮಿ ನಡದು ನೋಡ್ತೀನಿ, ಆಚಿಗೆ ಸರಿ."

ಎಲ್ಲರೂ ಬುಟ್ಟಿ ಇಳಿಸಿ ಎರಡೂ ಅಂಚಿಗೆ ಸರಿದು ನಿಂತರು. ಮುದುಕಿ ನಡುದಾರಿಯಲ್ಲಿ ಒಬ್ಬಳೇ, ಯಾರ ಅವಸರವೂ ಇಲ್ಲದೆ, ಆ ಕೊನೆಯವರೆಗೂ ನಡೆದು ಹೋದಳು.