ಪಟ್ಟಿಯ ತುದಿಯಲ್ಲಿದ್ದ ಆಯಾ

ಆ ಶಾಲೆಯ ವೆಬ್‌ಸೈಟಿನಲ್ಲಿ ಸಿಬ್ಬಂದಿಯ ಹೆಸರು, ಫೋನ್ ನಂಬರಿನ ಪಟ್ಟಿ ಇದ್ದದ್ದು ಕೆಲಸಕ್ಕೆ ಸೇರಿದ ವರ್ಷದ ಪ್ರಕಾರ. ಇಪ್ಪತ್ತಾರು ವರ್ಷದ ಹಿಂದೆ ಪೊರಕೆ ಹಿಡಿದು ಬಂದ ಆಯಾ ಎಲ್ಲರಿಗಿಂತ ಮೇಲೆ, ಮೊನ್ನೆ ಮೊನ್ನೆ ಬಂದ ಪ್ರಿನ್ಸಿಪಾಲರು ಎಲ್ಲರಿಗಿಂತ ಕೆಳಗೆ! ಹೊಸ ಮಕ್ಕಳ ತಾಯಂದಿರು ಕಣ್ಣಿಗೆ ಬಿದ್ದ ಮೊದಲ ನಂಬರಿಗೇ ಫೋನು ಮಾಡುತ್ತಿದ್ದರು. ಆಯಾ ಒಂದು ಕೈಲಿ ಬಕೆಟ್ಟು, ಇನ್ನೊಂದು ಕೈಲಿ ಫೋನು ಹಿಡಿದು, "ಅವನು ಅತ್ತಿದ್ದು ಐದೇ ನಿಮಿಷ ಕಣಮ್ಮ, ಈಗ ಆಡ್ತಿದ್ದಾನೆ. ನೀವು ಅಳಬೇಡಿ" ಅನ್ನುತ್ತಿದ್ದಳು. ಗುಡಿಸುವುದು ಹತ್ತು ಕೋಣೆ, ಜಂಬ ಮಾತ್ರ ಇಡೀ ಶಾಲೆಯದು.

ಪ್ರಿನ್ಸಿಪಾಲರಿಗೆ ಇದು ಹಿಡಿಸಲಿಲ್ಲ. ಕಚೇರಿಯ ಗುಮಾಸ್ತೆಯನ್ನು ಕರೆದು, "ಹುದ್ದೆ ಪ್ರಕಾರ ಜೋಡಿಸಿ. ಆಡಳಿತ, ಶಿಕ್ಷಕರು, ಕಚೇರಿ, ಕೊನೆಗೆ ಸ್ವಚ್ಛತೆ. ಆ ಆಯಾ ನಂಬರ್ ತೆಗೆದುಬಿಡಿ. ಊರಿಗೆಲ್ಲ ಉತ್ತರ ಕೊಡೋಕೆ ಅವಳ್ಯಾರು?" ಎಂದರು.

ಅವಳ್ಯಾರು? ಗುಮಾಸ್ತೆಯ ಒಡಹುಟ್ಟಿದ ಅಕ್ಕ! ಅಪ್ಪ ಅಮ್ಮ ಹೋದ ಮೇಲೆ ಇದೇ ಶಾಲೆಯ ನೆಲ ಒರೆಸಿ ತಂಗಿಯನ್ನು ಡಿಗ್ರಿ ಓದಿಸಿದವಳು. ಆರು ವರ್ಷದ ಹಿಂದೆ ಕೆಲಸ ಸಿಕ್ಕಿದ ದಿನವೇ ತಂಗಿ, "ಅಲ್ಲಿ ನಾವು ಅಕ್ಕ ತಂಗಿ ಅಂತ ಹೇಳ್ಕೊಳ್ಳೋದು ಬೇಡ" ಅಂದಿದ್ದಳು. ಅಕ್ಕ ಒಪ್ಪಿಕೊಂಡಿದ್ದಳು. ಎಂಥ ತಂಗಿಯಪ್ಪಾ ಅಂತೀರಾ? ಅನ್ನಿ, ತಪ್ಪೇನಿಲ್ಲ. ಈಗಲೂ ಅವಳು "ಆಯ್ತು ಸಾರ್" ಅಂದು ಬಂದಳು.

ಕೆಲಸವೇನೂ ಸಲೀಸಾಗಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಆಟವನ್ನೂ ಆಡಿಸುತ್ತಿದ್ದರು. ಅವರಿಗೆ ಎರಡೂ ಕಡೆ ಹೆಸರು ಬೇಕು. ಲೈಬ್ರರಿ ಮೇಡಂ, ತನ್ನನ್ನು ಕಚೇರಿಯವರ ಜೊತೆ ಸೇರಿಸಿದರೆ ರಾಜೀನಾಮೆ ಬಿಸಾಕುತ್ತೇನೆ ಅಂದರು. ಅವರನ್ನೆಲ್ಲ ಕೇಳಿ, ಪುಸಲಾಯಿಸಿ ಒಂದೊಂದು ಕಡೆ ಕೂರಿಸಿದಳು. ಕೇಳದೆ ಕೆಳಗಿಳಿಸಿದ್ದು ಒಬ್ಬಳನ್ನೇ.

ಆ ಸಂಜೆ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಾ, "ಹೊಸ ಪಟ್ಟಿ ಮಾಡಿದೆಯಂತೆ. ನಾನು ಮೇಲೇ ಇದ್ದೀನಿ ತಾನೆ?" ಎಂದಳು.

"ಇದ್ದೀಯಕ್ಕ" ಅಂದಳು ತಂಗಿ.

ಹತ್ತು ದಿನ ಕಳೆಯಿತು. ಹೊಸ ಮಕ್ಕಳು ಸೇರುವ ಕಾಲ. ಹೋದ ವರ್ಷ ಊಟಕ್ಕೂ ಬಿಡದಿದ್ದ ಫೋನು ಈಗ ತುಟಿಪಿಟಕ್ಕೆನ್ನಲಿಲ್ಲ. ಕೆಟ್ಟಿದೆ ಅಂದುಕೊಂಡು ಅಕ್ಕ ಅದನ್ನು ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ತಿರುಗಿಸಿ ನೋಡಿ, ಚೆನ್ನಾಗೇ ಇದೆ ಅಂದ. ಮನೆಗೆ ಬಂದವಳು ನೇರ ತಂಗಿಯ ಎದುರು ಕೂತಳು.

"ಫೋನಿಗೇನೂ ಆಗಿಲ್ಲವಂತೆ. ನನ್ನ ಎಲ್ಲಿ ಹಾಕಿದ್ದೀಯ?"

"ಕೊನೇಲಿ. ನಂಬರೂ ತೆಗೆದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಕಸ ಗುಡಿಸೋಳು ಕೊನೇಲಿದ್ರೆ ಇರಲಿ ಬಿಡು, ಅದು ನನ್ನ ಕೆಲಸ. ಆದ್ರೆ ಅಂಗಡಿಯವನ ಮುಂದೆ ಹುಚ್ಚಿ ಥರ ನಿಂತಿದ್ದೆನಲ್ಲೇ! ಒಂದು ಮಾತು ಹೇಳಬಾರದಿತ್ತಾ? ನನ್ನ ಕೆಲಸಕ್ಕೆ ನಾನು ನಾಚಲಿಲ್ಲ ಕಣೆ. ನಾಚಿದ್ದು ನೀನು."

 

ಮರುದಿನ ಬೆಳಿಗ್ಗೆ ತಂಗಿ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು. "ಸಾರ್, ಆ ಆಯಾ ನನ್ನ ಸ್ವಂತ ಅಕ್ಕ. ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ಮಕ್ಕಳ ವಿಷಯ ಅವಳಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ನಂಬರ್ ವಾಪಸ್ ಹಾಕ್ತೀನಿ."

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹಾಕಿ. ಆದರೆ ಜಾಗ ಕೊನೇದೇ" ಅಂದರು.

ಹೊರಗೆ ಮೊದಲ ಗಂಟೆ ಹೊಡೆದಿತ್ತು. ಶಿಕ್ಷಕರೆಲ್ಲ ಹಾಜರಿ ಪುಸ್ತಕ ಹಿಡಿದು ಹೊರಟಿದ್ದರು. ಮೆಟ್ಟಿಲ ಹತ್ತಿರ ಆಯಾ ಬಗ್ಗಿ ನೆಲ ಒರೆಸುತ್ತಿದ್ದಳು. ಗುಮಾಸ್ತೆ ಅಷ್ಟೂ ಜನರ ನಡುವೆ ನಿಂತು, "ಅಕ್ಕಾ!" ಎಂದು ಗಟ್ಟಿಯಾಗಿ ಕೂಗಿದಳು.

ಆಯಾ ತಲೆಯೆತ್ತಲಿಲ್ಲ. "ನೆಲ ಹಸಿ ಇದೆ, ನೋಡ್ಕೊಂಡು ಬಾರೇ" ಅಂದಳು.